ಅರ್ಧ ಕುದುರೆ

"ಬಿಚ್ಚಂಗಿಲ್ಲ. ಹಿಡಿದು ನೋಡಿ ಹೇಳಿ, ಅಷ್ಟೆ. ಆಮೇಲೆ ಇದು ಪರೀಕ್ಷೆಗೆ ಬೆಂಗಳೂರಿಗೆ ಹೋಗ್ಬೇಕು," ಎಂದು ಸಬ್ ಇನ್ಸ್‌ಪೆಕ್ಟರು ಬಂದೂಕನ್ನು ಠಾಣೆಯ ಮೇಜಿನ ಮೇಲೆ ಅಡ್ಡಲಾಗಿ ಇಟ್ಟರು. ಅದರ ನಳಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು.

ಬುಡನ್ ಸಾಬರು ಕುರ್ಚಿಯ ಅಂಚಿಗೆ ಸರಿದು ಕೈ ಚಾಚಿದರು. ಕೈ ನೀರಿನ ಲೋಟಕ್ಕೆ ತಗುಲಿತು. ಮಗಳು ಹಜೀರಾ ಲೋಟ ಬೀಳದಂತೆ ಹಿಡಿದು, "ಅಬ್ಬಾಗೆ ಕಣ್ಣು ಮಂಜು ಸಾರ್. ನಾನು ಹಿಡೀತೀನಿ, ಅವರು ಹೇಳ್ತಾರೆ," ಎಂದಳು.

ಕಣ್ಣು ಮಂಜಾಗಿರಲಿಲ್ಲ, ಪೂರ್ತಿ ಹೋಗಿತ್ತು. ಶ್ರೀನಿವಾಸಪುರದ ಓಣಿಯಲ್ಲಿದ್ದ ಅಪ್ಪನ ಚಿಕ್ಕ ಕುಲುಮೆಯಲ್ಲಿ ಏಳು ವರ್ಷದಿಂದ ಕೆಲಸ ಮಾಡುತ್ತಿದ್ದವಳು ಹಜೀರಾ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಲಾರಿಯ ಹಳೆ ಉಕ್ಕಿನ ಪಟ್ಟಿ ಕಡಿದು ಕಾಯಿಸಿ, ಅರದಲ್ಲಿ ಉಜ್ಜಿ ಉಜ್ಜಿ, ಚಕಮಕಿ ಬಂದೂಕಿಗೆ ಬೇಕಾದ ಕೀಲುಗಳನ್ನು ಮಾಡುತ್ತಿದ್ದಳು. ಕಲ್ಲು ಕಚ್ಚಿಕೊಳ್ಳುವ ಕುದುರೆ, ಬೆರಳಿನಿಂದ ಎಳೆಯುವ ಕೊಕ್ಕೆ, ಒಳಗೆ ಕೂರುವ ಸ್ಪ್ರಿಂಗು. ಲೈಸೆನ್ಸು ಮಾತ್ರ ಬುಡನ್ ಸಾಬರ ಹೆಸರಿನಲ್ಲಿತ್ತು. ಗಿರಾಕಿ ಬಂದಾಗ ಅವರು ಮುಂಬಾಗಿಲಲ್ಲಿ ಕೂತು ಮಾತಾಡುತ್ತಿದ್ದರು. ಅವಳು ಹಿಂದೆ ಅರ ಹಿಡಿಯುತ್ತಿದ್ದಳು.

ಮೇಜಿನ ಮೇಲಿದ್ದದ್ದು ರಾಯಲ್ಪಾಡು ಕಡೆಯ ಕೋದಂಡರಾಮಪ್ಪನ ಬಂದೂಕು. ಹತ್ತು ದಿನದ ಹಿಂದೆ, ಬೆಳಕು ಹರಿಯುವ ಹೊತ್ತಿನಲ್ಲಿ, ಅವನು ಟೊಮೇಟೊ ತೋಟದ ಕಾವಲು ಮುಗಿಸಿ ಅಟ್ಟಣೆಯಿಂದ ಇಳಿಯುತ್ತಿದ್ದ. ಕೆಳಗೆ ಏಣಿ ಹಿಡಿದು ನಿಂತಿದ್ದವನು ಅವನ ತೋಟದಲ್ಲಿ ಕೆಲಸಕ್ಕಿದ್ದ ಕದಿರೇಶ್. ಬಂದೂಕು ಹಾರಿ, ಹಂದಿಗಾಗಿ ತುಂಬಿದ್ದ ಗುಂಡುಗಳೆಲ್ಲ ಕದಿರೇಶನ ಕುತ್ತಿಗೆ, ಎದೆಗೆ ಹೊಕ್ಕು ಅವನು ಅಲ್ಲೇ ಸತ್ತಿದ್ದ. ಹಿಂದಿನ ದಿನವಷ್ಟೇ ಮೋಟರಿನ ವಿಚಾರಕ್ಕೆ ಇಬ್ಬರಿಗೂ ಜೋರು ಮಾತಾಗಿತ್ತು. ಬೇಕೆಂದೇ ಹೊಡೆದ ಎಂದು ಊರು ಹೇಳುತ್ತಿತ್ತು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆ, ಕೊಕ್ಕೆ ಮುಟ್ಟಲೇ ಇಲ್ಲ ಎಂದು ಕೋದಂಡರಾಮಪ್ಪ ಲಾಕಪ್ಪಿನಲ್ಲಿ ಕೂತು ಹೇಳುತ್ತಿದ್ದ.

"ಅರ್ಧಕ್ಕೆ ನಿಲ್ಸೋದು ಅಂದ್ರೇನು?" ಇನ್ಸ್‌ಪೆಕ್ಟರು ಕೇಳಿದರು.

"ಪೂರ್ತಿ ಎಳೆದ್ರೆ ಹೊಡೆಯೋಕೆ ಸಾರ್," ಎಂದರು ಬುಡನ್ ಸಾಬರು. "ಅರ್ಧ ಎಳೆದ್ರೆ ಒಳಗೊಂದು ಹಲ್ಲಿಗೆ ಸಿಕ್ಕೊಂಡು ನಿಂತ್ಕೊಳ್ತದೆ. ಆಗ ಕೊಕ್ಕೆ ಎಷ್ಟು ಎಳೆದ್ರೂ ಬೀಳಬಾರ್ದು. ಹೆಗಲ ಮೇಲೆ ಹಾಕ್ಕೊಂಡು ಓಡಾಡೋಕೆ ಅಂತ ಇರೋದು ಅದು."

ಹಜೀರಾ ಕುದುರೆಯನ್ನು ಅರ್ಧಕ್ಕೆ ಎಳೆದಳು. ಟಕ್ ಎಂದಿತು. ಕೊಕ್ಕೆ ಎಳೆದಳು. ಬೀಳಲಿಲ್ಲ. ಮತ್ತೆ ಎಳೆದಳು, ಎರಡು ಬೆರಳು ಹಾಕಿ ಎಳೆದಳು. ನಿಂತೇ ಇತ್ತು. ಇನ್ಸ್‌ಪೆಕ್ಟರು ಪೆನ್ನು ತೆಗೆದರು. ಇಷ್ಟಕ್ಕೆ ಕೆಳಗಿಟ್ಟರೆ ಮುಗಿಯಿತು ಎಂದು ಅವಳಿಗೆ ಅನ್ನಿಸಿತು. ಕೀಲು ಚೆನ್ನಾಗಿದೆ ಎಂದು ಅವರು ಬರೆದುಕೊಳ್ಳುತ್ತಾರೆ, ಕೋದಂಡರಾಮಪ್ಪ ಜೈಲಿಗೆ ಹೋಗುತ್ತಾನೆ. ಆದರೆ ಏಣಿ ಇಳಿಯುವವನ ಬಂದೂಕು ಸುಮ್ಮನಿರುವುದಿಲ್ಲ, ಮೆಟ್ಟಿಲಿಗೆ ಕುಟ್ಟುತ್ತದೆ. ಅವಳು ಎದ್ದು ನಿಂತು ಅದರ ಹಿಂಬದಿಯನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಕುಟ್ಟಿದಳು.

ಕುದುರೆ ಬಿತ್ತು. ಕಲ್ಲು ಉಕ್ಕಿಗೆ ಹೊಡೆದು ನಾಲ್ಕು ಕಿಡಿ ಹಾರಿದವು. ಬಾಗಿಲಲ್ಲಿ ನಿಂತಿದ್ದ ಪೇದೆ ಹಿಂದಕ್ಕೆ ಸರಿದ.

ಯಾಕೆ ಬಿತ್ತೆಂದು ಬಿಚ್ಚಿ ನೋಡದೆಯೇ ಹಜೀರಾಳಿಗೆ ತಿಳಿಯಿತು. ಮೂರು ವರ್ಷದ ಹಿಂದೆ ಆ ಹಲ್ಲನ್ನು ಕೊರೆದವಳು ಅವಳೇ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಉಜ್ಜಿ ಹೊಳಪು ತಂದು, ಸಣ್ಣ ಕಾವಿನಲ್ಲಿ ಮತ್ತೆ ಇಟ್ಟು, ಬೆಲ್ಲದ ಬಣ್ಣ ಬರುವವರೆಗೆ ಕಾಯಬೇಕು. ಆಗ ಹದ ಬರುತ್ತದೆ. ಆವತ್ತು ಮೋಡವಿತ್ತು, ಕರೆಂಟು ಇರಲಿಲ್ಲ, ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಹೊರಗೆ ಕೋದಂಡರಾಮಪ್ಪ ಬಸ್ಸಿನ ಹೊತ್ತಾಯಿತೆಂದು ಎರಡು ಸಲ ಕೂಗಿದ್ದ. ಅವಳು ಅಂದಾಜಿನ ಮೇಲೆ ತೆಗೆದುಬಿಟ್ಟಿದ್ದಳು. ಈಗ ಆ ಹಲ್ಲಿನ ತುದಿ ಚಕ್ಕೆ ಎದ್ದಿದೆ.

"ಸಾರ್," ಎಂದಳು.

ಅಷ್ಟರಲ್ಲಿ ಬುಡನ್ ಸಾಬರ ಕೈ ಅವಳ ಮುಂಗೈಯನ್ನು ಹುಡುಕಿ ಹಿಡಿದಿತ್ತು. "ನಾನು ಮಾಡಿದ್ದು ಸಾರ್ ಅದು. ಹಲ್ಲು ಮುರಿದಿದೆ. ತಪ್ಪು ನನ್ನದು. ಬರ್ಕೊಳ್ಳಿ."

"ಕಣ್ಣು ಮಂಜು ಅಂದ್ರಲ್ಲ. ಹೆಂಗೆ ಮಾಡಿದ್ರಿ?"

"ಕಣ್ಣಿಲ್ಲದೆ ಮಾಡಿದ್ದಕ್ಕೇ ಹಿಂಗಾಗಿದ್ದು."

ಇನ್ಸ್‌ಪೆಕ್ಟರು ಇಬ್ಬರನ್ನೂ ಒಂದು ಗಳಿಗೆ ನೋಡಿ, ಬರೆದುಕೊಂಡರು.

ಮನೆಗೆ ನಡೆಯುವಾಗ ಹಜೀರಾ ಅಪ್ಪನ ತೋಳು ಹಿಡಿದಿದ್ದಳು. ಮಾವಿನ ಮಂಡಿ ದಾಟಿದ ಮೇಲೆ ಕೇಳಿದಳು.

"ನಾನು ಹೇಳ್ತಿದ್ದೆ ಅಬ್ಬಾ. ಯಾಕೆ ತಡೆದ್ರಿ?"

"ಲೈಸೆನ್ಸ್ ಇಲ್ದೆ ಬಂದೂಕು ಮಾಡಿದ್ಳು ಅಂತ ನಿನ್ನನ್ನ ಒಳಗೆ ಹಾಕ್ತಾರೆ. ನನಗೆ ಎಲ್ಲಿದ್ರೂ ಕತ್ಲೆನೇ." ಸ್ವಲ್ಪ ದೂರ ನಡೆದ ಮೇಲೆ ಅವರು ಅಂದರು, "ಆವತ್ತು ಬಣ್ಣ ನೋಡಿದ್ಯಾ ಅಂತ ಕೇಳಿದ್ದೆ."

"ನೋಡಿದೆ ಅಂದಿದ್ದೆ. ನೋಡಿರ್ಲಿಲ್ಲ."

"ಗೊತ್ತಿತ್ತು. ಕುದುರೆ ಕೂರೋ ಸದ್ದಿನಲ್ಲೇ ಗೊತ್ತಾಯ್ತು. ಸದ್ದು ತೀರಾ ಚುರುಕಾಗಿತ್ತು." ಅವರು ನಿಂತರು. "ಗಿರಾಕಿ ಎದುರಿಗೆ ನಿನ್ನ ಕೆಲಸಾನ ವಾಪಸ್ ಕೇಳೋದು ಹೆಂಗೆ ಅಂತ ಸುಮ್ನಾದೆ."

ಹಲ್ಲು ಮುರಿದಿದೆ ಎಂದು ಬೆಂಗಳೂರಿನಿಂದ ವರದಿ ಬಂತು. ಕೋದಂಡರಾಮಪ್ಪನ ಮೇಲಿದ್ದ ಕೊಲೆ ಕೇಸು ಅಜಾಗರೂಕತೆಯ ಕೇಸಾಗಿ, ಅವನಿಗೆ ಬೇಲಾಯಿತು. ಎರಡನೆಯ ಆರೋಪಿ ಎಂದು ಬುಡನ್ ಸಾಬರ ಹೆಸರು ಸೇರಿತು. ವಯಸ್ಸು ನೋಡಿ ಅವರಿಗೂ ಬೇಲು ಕೊಟ್ಟರು. ಲೈಸೆನ್ಸು ರದ್ದಾಯಿತು. ಪೊಲೀಸರು ಬಂದು ಇಕ್ಕಳ, ಅರಗಳು, ಅರ್ಧ ಮಾಡಿಟ್ಟಿದ್ದ ಕೀಲುಗಳು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಬುಡನ್ ಸಾಬರು ಅದಾದ ಮೇಲೆ ಮುಂಬಾಗಿಲಿಗೆ ಬಂದು ಕೂರಲಿಲ್ಲ. ಊಟ ಬೇಕೇ ಎಂದರೆ ಹೂಂ ಎನ್ನುತ್ತಿದ್ದರು, ಬೇಡವೇ ಎಂದರೂ ಹೂಂ ಎನ್ನುತ್ತಿದ್ದರು.

ಯುಗಾದಿ ಕಳೆದು ಒಂದು ವಾರಕ್ಕೆ ಹಜೀರಾ ಬಸ್ಸು ಹತ್ತಿ ಕದಿರೇಶನ ಊರಿಗೆ ಹೋದಳು. ಅವನ ಹೆಂಡತಿ ತ್ರಿವೇಣಿ ಮನೆ ಮುಂದೆ ಗೋಣಿ ಹಾಸಿಕೊಂಡು ಹುಣಸೆಹಣ್ಣು ಕುಟ್ಟುತ್ತಿದ್ದಳು. ಮೂವತ್ತು ದಾಟಿರಲಿಲ್ಲ. ಯಾರೆಂದು ಹೇಳಿದ ಮೇಲೂ ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಆ ಕೀಲು ಮಾಡಿದ್ದು ನಾನಮ್ಮ. ನಮ್ಮಪ್ಪ ಅಲ್ಲ."

"ಪೇಪರ್‌ನಾಗೆ ನಿಮ್ಮಪ್ಪ ಅಂತ ಬರ್ದವ್ರೆ."

"ಅವರಿಗೆ ಏಳು ವರ್ಷದಿಂದ ಕಣ್ಣಿಲ್ಲ. ನಾನು ಹದ ನೋಡದೆ ಕೊಟ್ಟೆ. ಅದಕ್ಕೇ ಅದು ಬಿದ್ದಿದ್ದು. ಬೇಕಾದ್ರೆ ಕೋರ್ಟಲ್ಲೂ ಹೇಳ್ತೀನಿ."

ತ್ರಿವೇಣಿ ಈಗ ಕೋಲು ಕೆಳಗಿಟ್ಟಳು. "ಹೇಳಿದ್ರೆ ಏನಾಗ್ತದೆ?"

ಹಜೀರಾ ಆಚೆ ಸಿಡಿದಿದ್ದ ಒಂದು ಹುಣಸೆಬೀಜವನ್ನು ಹೆಕ್ಕಿ ಗೋಣಿಗೆ ಹಾಕಿದಳು.

"ಆ ಕೋದಂಡರಾಮಪ್ಪ ಬೇಕಂತಲೇ ಹೊಡ್ದ ಅಂತ ಇಷ್ಟು ದಿನ ಇದ್ದೆ. ದಿನಾ ಎದ್ದು ಅವನ ಮನೆ ಕಡೆ ಮುಖ ಮಾಡಿ ಬಯ್ತಿದ್ದೆ. ಆಮೇಲೆ ಬಂದೂಕಿಂದೇ ತಪ್ಪು ಅಂದ್ರು. ಈಗ ನೀವು ಬಂದು ನಂದು ಅಂತೀರಿ." ಅವಳ ದನಿ ಏರಲಿಲ್ಲ. "ನಿಮ್ಮನ್ನ ನೋಡಿದ್ರೆ ಬಯ್ಯಾಕೂ ಬರಲ್ಲ ನನಗೆ. ಇದನ್ನ ಯಾಕೆ ತಂದು ನನ್ನ ಮುಂದೆ ಹಾಕಿದ್ರಿ?"

"ಯಾರಿಗಾದ್ರೂ ಹೇಳ್ಬೇಕಿತ್ತು."

"ಹೇಳಾಯ್ತಲ್ಲ. ಹೋಗಿ ಅಕ್ಕ."

ಬಸ್ಸು ನಿಲ್ಲುವ ಕಡೆಯ ಕಲ್ಲುಬೆಂಚು ಆ ಮನೆಗೆ ಸರಿಯಾಗಿ ಎದುರಿಗಿತ್ತು. ಬೇರೆ ಕಡೆ ನೆರಳಿರಲಿಲ್ಲ. ಹಜೀರಾ ಅಲ್ಲೇ ಕೂತಳು. ರಸ್ತೆಯ ಆಚೆ ತ್ರಿವೇಣಿ ಮತ್ತೆ ಕೋಲು ಎತ್ತಿಕೊಂಡಳು. ಇಬ್ಬರೂ ತಲೆ ತಗ್ಗಿಸಿಯೇ ಇದ್ದರು. ಎರಡೂವರೆಯ ಬಸ್ಸು ಬಾಗಿಲಿನವರೆಗೆ ತುಂಬಿಕೊಂಡು ಬಂದು, ನಿಲ್ಲದೆ ಹೋಯಿತು. ಹಜೀರಾ ಎತ್ತಿದ್ದ ಕೈಯನ್ನು ಇಳಿಸಿದಳು. ಆಚೆ ಹುಣಸೆ ಕುಟ್ಟುವ ಸದ್ದು ಒಂದು ಕ್ಷಣ ನಿಂತಿತು. ಧೂಳು ಕೆಳಗಿಳಿಯುವ ಹೊತ್ತಿಗೆ ಮತ್ತೆ ಶುರುವಾಯಿತು.