ಎಳೆಯಬಾರದು

ಮತ್ತೆ ಅದೇ ಜಾಗ. ಶಿವದೇವಿ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತುಬಿಟ್ಟಳು. ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಬೇಕಾದಷ್ಟು ಮಣ್ಣಿತ್ತು, ಬಚ್ಚಲಿನ ಬಾಗಿಲು ಬೆಳಗಿನಿಂದ ತೆರೆದೇ ಇತ್ತು. ಆದರೂ ಈ ಅಂಗೈಯಗಲದ ಪ್ರಾಣಿಗೆ ಪಡಸಾಲೆಯ ಹಸಿರು ಮಂಚದ ಆ ಒಂದು ಕಾಲೇ ಆಗಬೇಕು. ಕಾಲ್ದೆಸೆಯ ಎಡಗಾಲು. ಅದರ ಬುಡದಲ್ಲಿ ಎರಡು ಶಹಾಬಾದ್ ಕಲ್ಲು ಕೂಡುವ ಸಂದಿಯಲ್ಲಿ ಹಳದಿ ನೀರು ನಿಧಾನವಾಗಿ ಇಳಿಯುತ್ತಿತ್ತು.

ತಪ್ಪಿತಸ್ಥೆ ಮಂಚದ ಕೆಳಗೆ ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿದ್ದಳು. ಹೆಸರು ಚಕ್ಲಿ. ಬಾಲ ಸುರುಳಿಯಾಗಿದೆಯೆಂದು ಮಗಳು ಸುಹಾಸಿನಿ ಇಟ್ಟ ಹೆಸರು. ಬಿಳಿ ಪೊಮೇರಿಯನ್ ನಾಯಿ. ಹೈದರಾಬಾದಿನ ಕೊಂಡಾಪುರದಲ್ಲಿ ಯಾರೋ ಬಾಡಿಗೆ ಮನೆ ಖಾಲಿ ಮಾಡುವಾಗ ಸಾಮಾನೆಲ್ಲ ಒಯ್ದು, ಇದನ್ನು ಮಾತ್ರ ಬಾಲ್ಕನಿಯ ಸರಳಿಗೆ ಕಟ್ಟಿಹೋಗಿದ್ದರು. ಸುಹಾಸಿನಿ ಮತ್ತು ಅವಳ ಆಫೀಸಿನ ಗೆಳತಿಯರು ಬಾಗಿಲು ತೆಗೆಸಿದಾಗ ನೈಲಾನ್ ಹಗ್ಗ ಕುತ್ತಿಗೆಯ ಚರ್ಮದೊಳಗೆ ಇಳಿದಿತ್ತಂತೆ. ಗಾಯವೇನೋ ಮಾಯ್ದಿತ್ತು, ಆದರೆ ಕುತ್ತಿಗೆಯ ಸುತ್ತ ಬೆರಳಗಲದ ಒಂದು ಪಟ್ಟೆಯಲ್ಲಿ ಕೂದಲು ಮತ್ತೆ ಬಂದಿರಲಿಲ್ಲ.

"ಹಾಸ್ಟೆಲಿನ್ಯಾಗ ಇಟ್ಕೊಳ್ಳಾಕ ಬಿಡಂಗಿಲ್ಲವಾ. ಶೆಲ್ಟರಿನ್ಯಾಗ ಎಪ್ಪತ್ತು ದೊಡ್ಡ ನಾಯಿ ಅದಾವ, ಅಲ್ಲಿಟ್ರ ಇದು ತಿಂಗಳು ಉಳಿಯಂಗಿಲ್ಲ ಅಂದಾರ ಡಾಕ್ಟರು," ಎಂದು ಸುಹಾಸಿನಿ ಅಳುಮುಖ ಮಾಡಿದ್ದಳು. ಅವಳಪ್ಪ ವೈಜನಾಥ ಫೈಲಿಗೆ ಷರಾ ಬರೆದಂತೆ ಹೇಳಿದ್ದ: "ಹದಿನೈದು ದಿನಾ. ಅಷ್ಟರಾಗ ಹೊರಗ ಹೋಗೂದು, ಪಟ್ಟಾ ಹಾಕ್ಕೊಂಡು ನಡಿಯೂದು ಕಲಿತ್ರ ಇರಲಿ. ಇಲ್ಲಂದ್ರ ವಾಪಸ್." ಇವತ್ತಿಗೆ ಹನ್ನೆರಡನೆಯ ದಿನ.

ಕಲಿಸುವ ಬಗೆಯನ್ನು ಸುಹಾಸಿನಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗಿದ್ದಳು. ದಿಲ್‌ಸುಖ್‌ನಗರದ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿ. ಅವಳಿಗೆ ಕನ್ನಡ ಅಕ್ಷರ ತಿದ್ದಿಸಿದವಳು ಅಜ್ಜಿ. ಹಾಗಾಗಿ ಅಕ್ಷರಗಳೂ ಅಜ್ಜಿಯವಂತೆಯೇ ಬಲಕ್ಕೆ ವಾಲುತ್ತಿದ್ದವು. ಉಂಡ ಹತ್ತು ನಿಮಿಷಕ್ಕೆ ಹೊರಗೆ ಒಯ್ಯಬೇಕು. ಹೊರಗೆ ಮಾಡಿದರೆ ಆ ಕ್ಷಣವೇ ಹೊಗಳಬೇಕು. ಒಳಗೆ ಮಾಡಿದರೆ ಬೈಯಬಾರದು, ಸುಮ್ಮನೆ ಒರೆಸಬೇಕು. ನಡೆಯದೆ ಕೂತರೆ ಎಳೆಯಬಾರದು, ನಿಲ್ಲಬೇಕು. ಕಟ್ಟಿಹಾಕಿ ಎಂದೂ ಹೋಗಬಾರದು. ಈ ಕೊನೆಯದರ ಕೆಳಗೆ ಎರಡು ಗೆರೆ.

ಶಿವದೇವಿ ದಿನಕ್ಕೆ ಹತ್ತು ಸಲ ಫ್ರಿಜ್ಜು ತೆಗೆಯುತ್ತಿದ್ದಳು, ಹತ್ತು ಸಲವೂ ಆ ಎರಡು ಗೆರೆ ಕಣ್ಣಿಗೆ ಬೀಳುತ್ತಿದ್ದವು. ಮುದುಕರನ್ನು ನೋಡಿಕೊಳ್ಳುವುದಕ್ಕೆ ಯಾರೂ ಇಂಥ ಪಟ್ಟಿ ಬರೆದುಕೊಟ್ಟಿರಲಿಲ್ಲ.

ನೆಲ ಒರೆಸಿ ಫಿನಾಯಿಲ್ ಹಾಕುವಾಗ ಸುಹಾಸಿನಿಯ ಫೋನು ಬಂತು. "ಅವ್ವಾ, ಟ್ರೇನರ್ ಒಂದು ಮಾತು ಕೇಳ್ಯಾರ. ಮೊದಲ ನಮ್ಮ ಮನ್ಯಾಗ ನಾಯಿ ಇತ್ತೇನು ಅಂತ. ಹಳೇ ವಾಸನಿ ಇದ್ದಲ್ಲೇ ಅವು ಮಾಡ್ತಾವಂತ. ಎಷ್ಟ್ ತೊಳದ್ರೂ ಅವಕ್ಕ ಮೂಗಿಗೆ ಹತ್ತತೈತಂತ."

"ಇಲ್ಲವಾ. ಯಾವ ನಾಯೀನೂ ಇದ್ದಿಲ್ಲ."

"ಮತ್ತ ಅಲ್ಲೇ ಯಾಕ?"

"ನನಗೇನ್ ಗೊತ್ತು," ಎಂದು ಶಿವದೇವಿ ಫೋನು ಇಟ್ಟಳು. ಎರಡು ವರ್ಷದಿಂದ ದಿನಾ ಫಿನಾಯಿಲ್ ಹಾಕಿ ಉಜ್ಜಿದ ಕಲ್ಲು. ಅವಳ ಮೂಗಿಗೆ ಏನೂ ಬರುತ್ತಿರಲಿಲ್ಲ. ನಾಯಿಗೆ ಬರುತ್ತಿತ್ತು.

ಆ ಮಂಚ ಎರಡು ವರ್ಷದ ಹಿಂದೆ ತೀರಿಕೊಂಡ ಅತ್ತೆ ಸುಂದರಾಬಾಯಿಯದು. ಭಾಲ್ಕಿಯ ಮುದುಕಿ, ಗಂಡ ಸತ್ತ ಮೇಲೆ ಮಗನ ಜೊತೆ ಹೈದರಾಬಾದಿಗೆ ಬಂದು ಮೂವತ್ತು ವರ್ಷ ಗಟ್ಟಿಮುಟ್ಟಾಗಿದ್ದವಳು. ಕೊನೆಯ ಎರಡು ವರ್ಷ ಮಾತ್ರ ತಲೆ ಕೈಕೊಟ್ಟಿತು. ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ಎದ್ದು "ಬಾಗಲಾ ತಗಿಯವಾ, ಭಾಲ್ಕಿ ಬಸ್ಸು ಬರ್ತೈತಿ" ಎಂದು ಹೊರಡುತ್ತಿದ್ದಳು. ಒಮ್ಮೆ ನಿಜವಾಗಿಯೂ ಹೋಗಿಬಿಟ್ಟಳು. ಇಡೀ ಕಾಲನಿ ಹುಡುಕಿತು. ಗೇಟಿನಿಂದ ಎಡಕ್ಕೆ ನೂರು ಹೆಜ್ಜೆಯಲ್ಲಿರುವ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು.

ಅದರ ಮರುದಿನವೇ ಶಿವದೇವಿ ಹಳೆಯ ಸೀರೆಯ ಅಂಚು ಹರಿದು ಅತ್ತೆಯ ಕಣಕಾಲಿಗೆ ಸುತ್ತಿ ಮಂಚದ ಅದೇ ಕಾಲಿಗೆ ಕಟ್ಟಿದಳು. ಸ್ನಾನಕ್ಕೆ ಹೋಗುವಷ್ಟು ಹೊತ್ತು ಮಾತ್ರ ಎಂದುಕೊಂಡಿದ್ದಳು. ಆಮೇಲೆ ಅಡಿಗೆಯಾಗುವಷ್ಟು ಹೊತ್ತು, ಆಮೇಲೆ ತರಕಾರಿಗೆ ಹೋಗಿಬರುವಷ್ಟು ಹೊತ್ತು. ಬೆಳಿಗ್ಗೆ ಒಂಬತ್ತಕ್ಕೆ ವೈಜನಾಥ ಆಫೀಸಿಗೆ ಹೊರಟ ಮೇಲೆ ಕಟ್ಟಿದರೆ ಸಂಜೆ ಅವನು ಬರುವ ಮೊದಲು ಬಿಚ್ಚುತ್ತಿದ್ದಳು. ಮರ್ಯಾದೆಗೆ ಮಾತ್ರ ಎಂದೂ ಕಡಿಮೆ ಮಾಡಲಿಲ್ಲ. ಗಂಟು ಹಾಕುವಾಗಲೂ "ಕೂಡ್ರಿ, ಅತ್ಯಾರ, ಇಲ್ಲೇ ಕೂಡ್ರಿ" ಎಂದೇ ಹೇಳುತ್ತಿದ್ದಳು. ಮುದುಕಿ ಅಲ್ಲೇ ಒದ್ದೆ ಮಾಡಿಕೊಂಡರೆ "ಎಷ್ಟ್ ಸಲ ಹೇಳಬೇಕ್ರಿ ನಿಮಗ" ಎಂದು ಗದರುವಾಗಲೂ ರೀ ಇರುತ್ತಿತ್ತು. ಆ ರೀ ಈಗ ಅವಳ ಗಂಟಲಿಗೇ ಅಂಟಿಕೊಂಡಿತ್ತು.

ನೆಂಟರೆಲ್ಲ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಸೊಸೆಯೆಂದರೆ ಹೀಗಿರಬೇಕು ಎಂದು ಬೀದರಿನ ತನಕ ಹೆಸರಾಗಿತ್ತು. ಕೊನೆಯ ಸ್ನಾನ ಮಾಡಿಸಿ ಶವವನ್ನು ಕೂರಿಸುವಾಗ ನಾದಿನಿ ಗೋದಾವರಿಯೊಬ್ಬಳೇ ತಾಯಿಯ ಕಾಲನ್ನು ನೋಡಿ "ಇದೇನವಾ ಕಪ್ಪ ಗೆರಿ?" ಎಂದು ಕೇಳಿದಳು. "ಥಂಡಿಗೆ ಸಾಕ್ಸು ಹಾಕ್ತಿದ್ದೆ, ಎಲಾಸ್ಟಿಕ್ ಗುರುತು," ಎಂದಳು ಶಿವದೇವಿ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಆಮೇಲೆ ಹನ್ನೊಂದನೆಯ ದಿನದ ಕಾರ್ಯದ ಮುನ್ನಾದಿನ, ಗೋಡೆಗೆ ಒಂದು ಮೊಳೆ ಹೊಡೆದು ಗೊತ್ತಿಲ್ಲದ ವೈಜನಾಥ ತಾನೇ ಬಣ್ಣದ ಡಬ್ಬಿ ತಂದು ಆ ಮಂಚಕ್ಕೆ ಹಸಿರು ಬಳಿದ. ತಾಯಿಯ ಮೇಲೆ ಎಂಥ ಪ್ರೀತಿ ಎಂದು ಬಂದವರು ಕಣ್ಣೊರೆಸಿಕೊಂಡರು. ಶಿವದೇವಿ ಮಾತ್ರ ಆ ಕಡೆ ನೋಡದೆ ಅಡಿಗೆಮನೆಗೆ ಹೋದಳು. ಇಂಥವನಿಗೆ ಹೇಳುವುದಾದರೂ ಹೇಗೆ?

ಈಗ ಆ ವೈಜನಾಥ ಹಗಲೆಲ್ಲ ಮನೆಯಲ್ಲೇ ಇದ್ದ. ಪ್ರತ್ಯೇಕ ರಾಜ್ಯ ಬೇಕೆಂದು ಸರ್ಕಾರಿ ನೌಕರರೆಲ್ಲ ಕೆಲಸ ಬಿಟ್ಟು ಮೂರು ವಾರವಾಗಿತ್ತು. ಬಸ್ಸುಗಳೂ ನಿಂತಿದ್ದವು. ಮೂವತ್ತು ವರ್ಷ ಮನೆಯ ಹಗಲನ್ನು ಭಾನುವಾರ ಮಾತ್ರ ಕಂಡ ಗಂಡಸು, ಈಗ ಸಾಸಿವೆ ಸಿಡಿಯುವುದರಿಂದ ಹಿಡಿದು ಎಲ್ಲದಕ್ಕೂ ಒಂದು ಸಲಹೆ ಕೊಡುತ್ತಿದ್ದ. ಆ ಬೆಳಿಗ್ಗೆ ಶಿವದೇವಿ ಚಕ್ಲಿಯ ಮುಂದೆ ಬಿಸ್ಕತ್ತು ಹಿಡಿದು ಮೆಲ್ಲಗೆ "ಕೂಡ್ರಿ... ಇಲ್ಲೇ ಕೂಡ್ರಿ" ಎಂದದ್ದು ಅವನ ಕಿವಿಗೆ ಬಿತ್ತು.

"ಏ, ನಾಯಿಗೆ ರೀ ಅಂತೀಯಲ್ಲ!" ಎಂದು ಅವನು ಬಿದ್ದು ಬಿದ್ದು ನಕ್ಕ. "ನನಗ ಅಂದು ಎಷ್ಟ್ ದಿನಾ ಆತು, ನೆನಪೈತೇನು?"

ಶಿವದೇವಿ ನಗಲಿಲ್ಲ. ಬಿಸ್ಕತ್ತು ಅವಳ ಕೈಯಲ್ಲೇ ಪುಡಿಯಾಯಿತು. ಚಕ್ಲಿ ಅವಳ ಮುಖ ನೋಡುತ್ತ ನಿಧಾನವಾಗಿ ಕೂತುಕೊಂಡಿತು. ಹನ್ನೆರಡು ದಿನಗಳಲ್ಲಿ ಅದು ಮಾತು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಮೇಲೆ ಪಟ್ಟಿಯಲ್ಲಿದ್ದಂತೆ ಪಟ್ಟಾ ಹಾಕಿ ಗೇಟಿನ ತನಕ ಕರೆದೊಯ್ದಳು. ಗೇಟು ಬರುತ್ತಲೇ ಚಕ್ಲಿ ನೆಲಕ್ಕಂಟಿ ಕೂತುಬಿಟ್ಟಿತು. ಎಳೆಯಬಾರದು, ನಿಲ್ಲಬೇಕು. ಶಿವದೇವಿ ನಿಂತಳು. ಅರ್ಧ ಗಂಟೆ ನಿಂತರೂ ಅದು ಕದಲದೆ ಹೋದಾಗ ಎತ್ತಿಕೊಂಡು ಒಳಗೆ ಬಂದಳು. ಪಟ್ಟಾ ಬಿಚ್ಚದೆ ನೆಲಕ್ಕೆ ಬಿಟ್ಟು, ಚಹಾಕ್ಕೆ ಹಾಲಿಡಲು ಅಡಿಗೆಮನೆಗೆ ಹೋದಳು. ಗಡಿಯಾರ ನಾಲ್ಕು ತೋರಿಸುತ್ತಿತ್ತು.

ಹಾಲು ಇನ್ನೂ ಬಿಸಿಯಾಗಿರಲಿಲ್ಲ, ಪಡಸಾಲೆಯಿಂದ ಆ ಸದ್ದು ಬಂತು. ಕಲ್ಲಿನ ಮೇಲೆ ಉಗುರು ಕೆರೆಯುವ ಸದ್ದು, ಆಮೇಲೆ ಮಂಚ ಒಂದು ಸಲ ಅಲುಗಿ ಸುಮ್ಮನಾಗುವ ಸದ್ದು. ಮತ್ತೆ ಕೆರೆತ, ಮತ್ತೆ ಅಲುಗಾಟ. ಎರಡು ವರ್ಷದಿಂದ ಅವಳು ಕೇಳದೇ ಇದ್ದ ಸದ್ದು. ತಲೆಯೊಳಗೆ ಅದು ಕೇಳದ ದಿನವೂ ಒಂದಿರಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

ವೈಜನಾಥ ಪಟ್ಟಾದ ತುದಿಯನ್ನು ಮಂಚದ ಕಾಲಿಗೆ ಬಿಗಿದು ಕೈ ಝಾಡಿಸುತ್ತಿದ್ದ. ಅದೇ ಕಾಲಿಗೆ. ಚಕ್ಲಿ ಬೊಗಳಲಿಲ್ಲ, ಕುಂಯ್ ಎನ್ನಲಿಲ್ಲ. ಬಾಗಿಲಿನ ಕಡೆ ಮುಖ ಮಾಡಿ, ಇದ್ದ ಬಲವನ್ನೆಲ್ಲ ಹಾಕಿ ಎಳೆಯುತ್ತಿತ್ತು.

"ಎರಡ್ ದಿನಾ ಕಟ್ಟಿದ್ರ ತಾನ ಕಲೀತೈತಿ ಬಿಡು. ಉಚ್ಚಿ ಮಾಡಿದಲ್ಲೇ ಮಲಗಲಿ, ನಾಚಿಕಿ ಬರ್ತೈತಿ."

"ಬಿಚ್ರಿ."

"ಒಂದ್ ಗಳಿಗಿ ತಡಿ..."

"ಬಿಚ್ರಿ ಅಂತೀನಿ! ಅತ್ಯಾರ್ನ ಬಿಚ್ರಿ!"

ಮಾತು ಹೊರಗೆ ಬಿದ್ದಾಗಿತ್ತು. ಅಡಿಗೆಮನೆಯಲ್ಲಿ ಹಾಲು ಉಕ್ಕಿ ಸುರ್ರೆಂದಿತು, ಇಬ್ಬರೂ ಅತ್ತ ತಿರುಗಲಿಲ್ಲ. ಶಿವದೇವಿ ನೆಲದ ಮೇಲೆ ಕೂತಳು.

"ಅದು ಸಾಕ್ಸಿನ ಗುರುತಲ್ಲ," ಎಂದಳು. "ನಾ ಕಟ್ಟತಿದ್ದೆ. ದಿನಾ. ನೀವು ಹೋದಮ್ಯಾಲೆ ಕಟ್ಟತಿದ್ದೆ, ನೀವು ಬರೂಕಿಂತ ಮೊದಲ ಬಿಚ್ಚತಿದ್ದೆ."

ವೈಜನಾಥ ಮಂಚದ ಅಂಚಿಗೆ ಕೂತ.

"ನನಗ ಗೊತ್ತಿತ್ತು," ಎಂದ.

ಅವಳು ತಲೆಯೆತ್ತಿದಳು.

"ದಿನಾ ಮುಂಜಾನಿ ಇಲ್ಲೇ ಕುಂತು ಬೂಟು ಹಾಕ್ಕೋತಿದ್ದೆನಲ್ಲ. ಮಂಚದ ಕಾಲಿನ ಬಣ್ಣ ಸವದು ಕಟಗಿ ಕಾಣತಿತ್ತು. ಕೇಳಿದ್ರ ನೀ 'ಮತ್ತೇನ್ ಮಾಡ್ಲಿ' ಅಂತಿದ್ದಿ. ಆಮ್ಯಾಲೆ ನಾನ ಮನ್ಯಾಗ ಕೂಡಬೇಕಾಗತಿತ್ತು." ಅವನ ದನಿ ಸಣ್ಣದಾಯಿತು. "ಅದಕ್ಕ ಕೇಳಲಿಲ್ಲ. ಕಾರ್ಯಕ್ಕ ಗೋದಾವರಿ ಮತ್ತ ಬರ್ತಾಳ, ನೋಡ್ತಾಳ ಅಂತ ಬಣ್ಣ ಬಳದೆ."

ಶಿವದೇವಿಗೆ ಮೊದಲು ಬಂದದ್ದು ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು. ಎರಡು ವರ್ಷ ತಾನೊಬ್ಬಳೇ ಹೊತ್ತು ತಿರುಗಿದ್ದನ್ನು ಈ ಮನುಷ್ಯ ಹಸಿರು ಬಣ್ಣದ ಕೆಳಗೆ ಮುಚ್ಚಿಟ್ಟು ಅದರ ಮೇಲೇ ಕೂತು ಪೇಪರು ಓದಿದನಲ್ಲ! ಆದರೆ ಅವನಿಗೆ ಗೊತ್ತಿಲ್ಲದ್ದೂ ಒಂದಿತ್ತು. ಅದನ್ನು ಇನ್ನು ಒಳಗಿಟ್ಟುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಆವತ್ತೂ ಕಟ್ಟಿದ್ದೆ. ಸುಲ್ತಾನ್ ಬಜಾರಿಗೆ ಹೋಗಿದ್ದೆ, ಕುಬುಸದ ಖಣ ತರಾಕ. ಬರೂದ್ರಾಗ ಅತ್ಯಾರು ನೆಲಕ್ಕ ಬಿದ್ದಿದ್ರು, ಬಾಗಲದ ಕಡಿ ಕೈ ಚಾಚಿದ್ರು. ಜೀವ ಇತ್ತೋ ಇಲ್ಲೋ ನಾ ನೋಡಲಿಲ್ಲ. ಮೊದಲ ಗಂಟು ಬಿಚ್ಚಿದೆ. ಎಳದೆಳದು ಬಿಗಿ ಆಗಿತ್ತು, ಹಲ್ಲಿಲೆ ಬಿಚ್ಚಿದೆ. ಆ ಅಂಚು ಮಡಚಿ ಟ್ರಂಕಿನ್ಯಾಗ ಇಟ್ಟೆ. ಆಮ್ಯಾಲೆ ಮಂದೀನ್ನ ಕರದೆ."

ವೈಜನಾಥ ಎದ್ದು ಮಂಚದ ಕಾಲಿನ ಹತ್ತಿರ ಮಂಡಿಯೂರಿದ. ತಾನೇ ಹಾಕಿದ ಗಂಟನ್ನು ಬಿಚ್ಚಲು ನೋಡಿದ. ನಾಯಿ ಎಳೆದೆಳೆದು ಅದೂ ಬಿಗಿಯಾಗಿತ್ತು. ಗಂಟು ಸಡಿಲಾಗುವ ಹೊತ್ತಿಗೆ ಅಲ್ಲಿಯ ಹಸಿರು ಬಣ್ಣ ಉಗುರಿನಷ್ಟು ಕಿತ್ತುಬಂದಿತ್ತು. ಅವನು ಪಟ್ಟಾದ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟ. ಶಿವದೇವಿ ಎದ್ದು ಒಲೆ ಆರಿಸಿ ಬಂದು, ಬಾಗಿಲು ತೆರೆದಳು.

ಗೇಟಿನ ಬಳಿ ಚಕ್ಲಿ ಮತ್ತೆ ಕೂತಿತು. ಅವಳೂ ನಿಂತಳು. ವೈಜನಾಥ ಚಪ್ಪಲಿ ಮೆಟ್ಟಿಕೊಂಡು ಬಂದು ಪಕ್ಕದಲ್ಲಿ ನಿಂತ. ಬಸ್ಸಿಲ್ಲದ ರಸ್ತೆ ಊರಿನ ಓಣಿಯಂತೆ ಸುಮ್ಮನಿತ್ತು. ಯಾರೂ ಎಳೆಯಲಿಲ್ಲ. ಎಷ್ಟು ಹೊತ್ತು ನಿಂತರೋ, ಚಕ್ಲಿ ಎದ್ದು ಮೈ ಝಾಡಿಸಿ ಒಂದು ಹೆಜ್ಜೆ ಹೊರಗಿಟ್ಟಿತು. ಗಾಳಿ ಮೂಸಿ ಎಡಕ್ಕೆ ತಿರುಗಿತು.

ನಡುವೆ ನಾಲ್ಕು ಸಲ ನಿಂತಿತು, ನಾಲ್ಕು ಸಲವೂ ಇಬ್ಬರೂ ನಿಂತರು. ಬಸ್ ಸ್ಟಾಪಿನ ಕಬ್ಬಿಣದ ಕಂಬದ ಬುಡಕ್ಕೆ ಬಂದು, ಸುತ್ತ ಒಮ್ಮೆ ನೋಡಿ, ಅಲ್ಲೇ ಕುಳಿತು ಉಚ್ಚೆ ಹೊಯ್ದಿತು.

"ಹೊಗಳಬೇಕಲ್ಲ," ಎಂದ ವೈಜನಾಥ ಮೆಲ್ಲಗೆ. "ಆ ಕ್ಷಣಕ್ಕ."

ಶಿವದೇವಿ ಬಾಗಿ ಅದರ ತಲೆ ಮುಟ್ಟಿದಳು. ಬೆರಳು ಕೂದಲಿಲ್ಲದ ಆ ಪಟ್ಟೆಗೆ ತಾಗಿತು. "ಭಾಳ ಛಲೋ ಆತ್ರಿ," ಎಂದಳು. "ಭಾಳ ಶಾಣ್ಯಾರಿದ್ದೀರಿ." ಆ ಎರಡು ವರ್ಷದಲ್ಲಿ ಅತ್ತೆಗೆ ಒಮ್ಮೆಯೂ ಅವಳು ಇಂಥದೊಂದು ಮಾತು ಆಡಿರಲಿಲ್ಲ.

ಅವಳು ಕಲ್ಲುಬೆಂಚಿನ ಒಂದು ತುದಿಗೆ ಕೂತಳು, ವೈಜನಾಥ ಇನ್ನೊಂದು ತುದಿಗೆ ಕೂತ. ಚಕ್ಲಿ ನಡುವಿನ ಖಾಲಿ ಜಾಗದ ಕೆಳಗೆ, ನೆರಳಿನಲ್ಲಿ ಮಲಗಿತು. ಖಾಲಿ ಆಟೋ ಒಂದು ನಿಧಾನಿಸಿ, ಡ್ರೈವರು ತಲೆ ಹೊರಹಾಕಿ ಕೂಗಿದ: "ಬಸ್ಸುಲು ಲೇವಮ್ಮಾ!"

"ಬಸ್ಸಿಲ್ಲಂತ ಗೊತ್ತೈತಿ," ಎಂದಳು ಶಿವದೇವಿ, ತೆಲುಗಿನಲ್ಲಿ ಹೇಳಬೇಕೆನ್ನುವುದೂ ಮರೆತು. ಆಟೋ ಹೋಯಿತು. ಪಟ್ಟಾ ಅವಳ ಕೈಯಿಂದ ಇಳಿದು ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಇಬ್ಬರೂ ರಸ್ತೆಯಲ್ಲಿ ಭಾಲ್ಕಿ ಬಸ್ಸು ಬರುವ ಆ ತುದಿಯನ್ನು ನೋಡುತ್ತ ಕೂತರು.