ಹೊಸ್ತಿಲ ಮೇಲೆ ಇಂಗ್ಲಿಷ್ ಒಡಪು

ಸಂಜೆ ಐದೂಕಾಲು. ನ್ಯಾಮತಿಯ ಮಹಿಳಾ ಸಮಾಜದ ಇಂಗ್ಲಿಷ್ ತರಗತಿಗೆ ಒಬ್ಬರೂ ಬಂದಿರಲಿಲ್ಲ.

ಅದು ೧೯೮೧ರ ಶ್ರಾವಣದ ಒಂದು ಶುಕ್ರವಾರ. ಪಾಠ ಹೇಳುವ ರುದ್ರಾಣಿ ಜಗಳೂರಿನವಳು, ಬಿ.ಎ. ಮುಗಿಸಿ ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಇದು ಅವಳ ಮೊದಲ ಕೆಲಸ. ಇದು ಹೋದರೆ ಊರಿಗೆ ಮರಳಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕಿತ್ತು.

ಬಾಗಿಲಲ್ಲಿ ಸಮಾಜದ ಅಧ್ಯಕ್ಷೆ ಶಾಂತಾದೇವಿ ಕಾಣಿಸಿಕೊಂಡರು. ಖಾಲಿ ಚಾಪೆ ನೋಡಿದರು.

"ಏನಮ್ಮಾ, ಗೋಡೆಗೆ ಪಾಠ ನಡೀತೈತಾ?"

"ನಿನ್ನೆವರೆಗೂ ಎಲ್ಲರೂ ಬರ್ತಿದ್ರು ಮೇಡಂ."

"ಹೊಲಿಗೆ ಕ್ಲಾಸಿನವರು ಕೋಣೆ ಕೇಳ್ತಾ ಅದಾರೆ. ಸೋಮವಾರ ಮತ್ತೆ ಬರ್ತೀನಿ. ಹಿಂಗೇ ಇದ್ರೆ ಕೋಣೆ ಅವರಿಗೆ."

ರುದ್ರಾಣಿ ನೇರವಾಗಿ ನಿರ್ಮಲಮ್ಮನ ಮನೆಗೆ ಹೋದಳು. ನಿರ್ಮಲಮ್ಮ ಮತ್ತು ಅವಳ ಅತ್ತೆ ಶಿವಗಂಗಮ್ಮ ಇಬ್ಬರೂ ತರಗತಿಯವರೇ. ಔಷಧಿ ಸೀಸೆಯ ಮೇಲಿನ ಹೆಸರು ಓದಬೇಕೆಂದು ಅತ್ತೆಯೇ ಸೊಸೆಯನ್ನು ಹೊರಡಿಸಿದ್ದರು. ಈಗ ಅವರು ಜಗಲಿಯಲ್ಲಿ ಅವರೆಕಾಳು ಆರಿಸುತ್ತ ತಲೆ ಎತ್ತಲಿಲ್ಲ.

"ಯಾಕಮ್ಮಾ ಬರಲಿಲ್ಲ?"

"ನಿನ್ನೆ ನೀವು ಏನು ಕೇಳಿದ್ರಿ, ನೆನಪು ಮಾಡ್ಕಳ್ರಿ."

ರುದ್ರಾಣಿಗೆ ನೆನಪಾಯಿತು. 'ನಿಮ್ಮ ಗಂಡನ ಹೆಸರೇನು?' ಪುಸ್ತಕದಲ್ಲಿದ್ದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರಿಗೂ ಕೇಳಿದ್ದಳು. ಒಬ್ಬರೂ ಬಾಯಿ ಬಿಡದಿದ್ದಾಗ, ಪಾಠ ಕಲಿತಿಲ್ಲವೆಂದು ಗದರಿದ್ದಳು.

"ಗಂಡನ ಹೆಸರು ಹೇಳಬಾರದು ಅಂತ ನನಗೂ ಗೊತ್ತು. ಆದ್ರೆ ಇಂಗ್ಲಿಷಿನಲ್ಲಿ ಹೇಳಿದ್ರೆ ದೋಷ ಇಲ್ಲ ಅಂದ್ಕೊಂಡೆ."

"ಯಾಕೆ, ಇಂಗ್ಲಿಷಿನಾಗೆ ನಮ್ಮ ಯಜಮಾನರಿಗೆ ಬ್ಯಾರೆ ಹೆಸರು ಐತಾ?" ಎಂದರು ಶಿವಗಂಗಮ್ಮ. ಬಾಗಿಲ ಹಿಂದೆ ನಿರ್ಮಲಮ್ಮ ಕಿಸಕ್ಕನೆ ನಕ್ಕಳು. "ನಗ್ತೀಯಲ್ಲೇ! ನಿನ್ನೆ ನನ್ನ ಮುಂದೆ ನನ್ನ ಮಗನ ಹೆಸರು ಹೇಳಾಕೆ ಬಾಯಿ ತೆಗೆದಿದ್ದೆ!"

"ತೆಗೆದಿದ್ದೆ ಅತ್ತೆ, ಹೇಳಲಿಲ್ಲ."

"ಹಂಗಾದ್ರೆ ಮದುವೇಲಿ ಹೊಸ್ತಿಲು ದಾಟುವಾಗ ಹೆಂಗೆ ಹೇಳಿದ್ರಿ?" ರುದ್ರಾಣಿ ಕೇಳಿದಳು.

"ಅದು ಒಡಪು. ಪದ್ಯದಾಗೆ ಸೇರಿಸಿ ಹೇಳಿದ್ರೆ ತಪ್ಪಿಲ್ಲ. ಹೇಳೋತನಕ ನಾದಿನಿಯರು ಬಾಗಿಲು ಬಿಡಾಕಿಲ್ಲ!"

"ಹಂಗೇ ಆಗಲಿ. ಇಂಗ್ಲಿಷಿನಲ್ಲೇ ಒಡಪು ಕಟ್ಟಿ."

ಶಿವಗಂಗಮ್ಮನ ಕೈ ಮೊರದಲ್ಲೇ ನಿಂತಿತು. "ಮೊದಲು ನನಗೆ ಹೇಳಿಕೊಡ್ರಿ," ಎಂದರು. "ಸೊಸೆಗೆ ಆಮೇಲೆ."

ಶನಿವಾರ, ಭಾನುವಾರ ನ್ಯಾಮತಿಯ ಹಿತ್ತಿಲುಗಳಲ್ಲಿ ಪ್ರಾಸ ಹುಡುಕುವ ಕೆಲಸ ನಡೆಯಿತು. ಗಂಡಂದಿರಿಗೆ ಕಾಫಿ ತಡವಾಯಿತು.

ಸೋಮವಾರ ಐದಕ್ಕೆ ಕೋಣೆ ತುಂಬಿತ್ತು. ನಿರ್ಮಲಮ್ಮ ಎದ್ದು ಸೆರಗು ಸರಿಪಡಿಸಿಕೊಂಡಳು.

"ಮಾರ್ನಿಂಗ್ ಕಾಫಿ, ಈವನಿಂಗ್ ಟೀ, ಬೆನಕಪ್ಪ ಈಸ್ ವೆರಿ ಗುಡ್ ಟು ಮೀ!"

"ಸುಳ್ಳು!" ಹಿಂದಿನಿಂದ ಯಾರೋ ಕೂಗಿದರು. "ಮೊನ್ನೆ ಜಗಳ ಆಡಿದ್ದು ಯಾರ ಜತೆ?"

"ಸುಳ್ಳು ಅನ್ನೋದನ್ನೂ ಇಂಗ್ಲಿಷಿನಲ್ಲೇ ಹೇಳಿ," ಎಂದಳು ರುದ್ರಾಣಿ.

ಶಿವಗಂಗಮ್ಮನ ಸರದಿ. "ಒನ್, ಟೂ, ತ್ರೀ, ಮ್ಯಾಂಗೋ ಟ್ರೀ, ಮರುಳಪ್ಪ ಈಸ್ ಲುಕಿಂಗ್ ಅಟ್ ಮೀ." ಚಪ್ಪಾಳೆ ರಸ್ತೆಗೆ ಕೇಳಿಸಿತು.

ಆ ಹೊತ್ತಿಗೆ ಶಾಂತಾದೇವಿ ಬಂದರು. ಶಿವಗಂಗಮ್ಮ ಹೋಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ಯಜಮಾನರ ಹೆಸರು ಹೇಳದೆ ಒಳಗೆ ಬಿಡಾಕಿಲ್ಲ."

ಶಾಂತಾದೇವಿ ನಕ್ಕು, ಷಣ್ಮುಖಪ್ಪನವರ ಹೆಸರು ಸೇರಿಸಿ ಮದುವೆಯ ಹಳೆಯ ಒಡಪನ್ನು ಹೇಳಿದರು. ಶಿವಗಂಗಮ್ಮ ಕದಲಲಿಲ್ಲ.

"ಇಲ್ಲಿ ಕನ್ನಡ ನಡೆಯಲ್ಲ. ಇಂಗ್ಲಿಷಿನಾಗೆ."

"ನನಗೆಲ್ಲಿ ಬರತ್ತೆ ಕಣಮ್ಮಾ ಇಂಗ್ಲಿಷು?"

"ಕಲೀರಿ. ಕ್ಲಾಸ್ ಐತಲ್ಲ."

ಶಾಂತಾದೇವಿ ಹೊಸ್ತಿಲ ಆಚೆಯೇ ನಿಂತು ಪಾಠವನ್ನು ಕೊನೆವರೆಗೂ ಕೇಳಿದರು. ಹೊಲಿಗೆ ಯಂತ್ರಗಳನ್ನು ಮರುದಿನ ಬೆಳಿಗ್ಗೆ ಸಮಾಜದ ವರಾಂಡದಲ್ಲಿ ಇಡಿಸಿದರು. ಸಂಜೆ ಐದಕ್ಕೆ ಹೊಸ ಸ್ಲೇಟು ಹಿಡಿದು ಬಂದು ಮುಂದಿನ ಚಾಪೆಯಲ್ಲಿ ಕೂತರು.