ತಪ್ಪು ಮೂಲೆಯಿಂದ ಅಳೆದ ಚುಕ್ಕೆ

ಅಣ್ಣ ಮಣ್ಣು ಅಗೆಯುವ ಯಂತ್ರ ಓಡಿಸುತ್ತಿದ್ದ. ಎಲ್ಲಿ ಅಗೆಯಬೇಕೆಂದು ತೋರಿಸುವ ಪ್ರೋಗ್ರಾಂ ಬರೆದವಳು ತಂಗಿ. "ನೀನು ಕೂತಲ್ಲೇ ಚುಕ್ಕೆ ಇಡ್ತೀಯ, ಬೆನ್ನು ಮುರ್ಕೊಳ್ಳೋನು ನಾನು" ಎಂದು ಅವನು ಆಗಾಗ ಛೇಡಿಸುವುದಿತ್ತು. ಕಚೇರಿಯ ಗುಮಾಸ್ತೆ ಕಂಪ್ಯೂಟರಿನ ನಕಾಶೆಯ ಮೇಲೆ ಮೌಸ್ ಒತ್ತಿದರೆ, ಆ ಜಾಗ ನೇರ ಅವನ ಯಂತ್ರದೊಳಗಿನ ಪರದೆಗೆ ಹೋಗುತ್ತಿತ್ತು.

ಗುರುವಾರ ಬೆಳಿಗ್ಗೆ ಗುಮಾಸ್ತೆ ಮಾತಿನ ನಡುವೆ ಹೇಳಿದಳು: "ಮೇಡಂ, ಎಡಗಡೆ ಪಟ್ಟಿ ತೆರೆದಿದ್ರೆ ಚುಕ್ಕೆ ನಾನು ಒತ್ತಿದಲ್ಲಿ ಕೂರಲ್ಲ. ಸ್ವಲ್ಪ ಬಲಕ್ಕೆ ಹೋಗುತ್ತೆ."

"ಯಾವಾಗಿಂದ?"

"ಸೋಮವಾರದಿಂದ. ಸಣ್ಣದಲ್ವಾ ಅಂತ ಸುಮ್ಮನಿದ್ದೆ."

ಕೆಲಸಗಳ ಆ ಪಟ್ಟಿಯನ್ನು ಸೇರಿಸಿದ್ದು ತಂಗಿಯೇ, ಸೋಮವಾರವೇ. ಮೌಸ್ ಒತ್ತಿದ ಜಾಗವನ್ನು ಕಂಪ್ಯೂಟರ್ ಇಡೀ ವಿಂಡೋದ ಮೂಲೆಯಿಂದ ಅಳೆಯುತ್ತದೆ. ನಕಾಶೆಯೋ ಈಗ ಪಟ್ಟಿಯ ಆಚೆಯಿಂದ ಶುರುವಾಗುತ್ತಿತ್ತು. ಪಟ್ಟಿಯ ಅಗಲ ಕಳೆದು ನಕಾಶೆಯ ಲೆಕ್ಕಕ್ಕೆ ತರಬೇಕಿತ್ತು, ತಂದಿರಲಿಲ್ಲ. ಪಟ್ಟಿ ಮುಚ್ಚಿಟ್ಟೇ ಪರೀಕ್ಷೆ ಮಾಡಿದ್ದಳು. ಪರದೆಯ ಮೇಲೆ ಅದು ಮೂರು ಬೆರಳಿನಷ್ಟು, ನೆಲದ ಮೇಲೆ ಒಂಬತ್ತು ಮೀಟರ್. ಅಣ್ಣ ಇವತ್ತು ಅಗೆಯಬೇಕಾದ ಜಾಗದಿಂದ ಸರಿಯಾಗಿ ಒಂಬತ್ತು ಮೀಟರ್ ಬಲಕ್ಕೆ ಅನಿಲದ ಕೊಳವೆ ಇತ್ತು.

ಅಣ್ಣನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಎದ್ದುಬಿದ್ದು ಓಡಿದಳು.

ಎರಡು ಬೀದಿ ದಾಟಿದ ಮೇಲೂ ಯಂತ್ರದ ಸದ್ದು ಕೇಳಿಸಲಿಲ್ಲ. ಅಣ್ಣ ಗುಂಡಿಯೊಳಗೆ ಮಂಡಿಯೂರಿ ಕೈಯಿಂದಲೇ ಮಣ್ಣು ಸರಿಸುತ್ತಿದ್ದ. ಹಳದಿ ಕೊಳವೆಯ ಮೇಲೆ ಹೊಸ ಗೀರು ಕಾಣುತ್ತಿತ್ತು.

"ಏನೋ ತಾಗಿದ ಹಾಗಾಯ್ತು, ನಿಲ್ಲಿಸ್ಬಿಟ್ಟೆ" ಎಂದ.

"ತಪ್ಪು ನಂದು ಅಣ್ಣ."

ಅವನು ಬೈಯಲಿಲ್ಲ. "ಈ ಪ್ರೋಗ್ರಾಂ ನೋಡ್ಕೊಂಡು ಇನ್ನೆಷ್ಟು ಜನ ಅಗೀತಿದಾರೆ?"

"ಐದು."

ಮಣ್ಣಿನ ಗುಡ್ಡೆಯ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ನಾಲ್ವರು ಕೆಲಸ ನಿಲ್ಲಿಸಿದರು. ಐದನೆಯ ಚಾಲಕ ಆರಾಮವಾಗಿ ಮಾತಾಡಿದ.

"ನಿನ್ನೆನೇ ಅಗೆದು ಮುಚ್ಚಾಯ್ತಲ್ಲ ಮೇಡಂ. ಹುಡುಕಿದ ನೀರಿನ ಪೈಪು ಸಿಗಲಿಲ್ಲ. ಸ್ವಲ್ಪ ವಾಸನೆ ಇತ್ತು, ಚರಂಡಿದು ಅಂತ ಮಣ್ಣು ಎಳೆದ್ವಿ."

"ಪಕ್ಕದಲ್ಲಿ ಏನಿದೆ?"

"ಮನೆಗಳು. ಸಾಲಾಗಿ ಇದಾವೆ."

"ಅದು ಗ್ಯಾಸ್ ಇರ್ಬೇಕು, ಹೋಗಿ ಎಲ್ಲರನ್ನೂ ಹೊರಗೆ ಕರೀರಿ. ಯಾರೂ ಒಲೆ ಹಚ್ಚಬಾರದು, ದೀಪದ ಸ್ವಿಚ್ಚೂ ಮುಟ್ಟಬಾರದು. ಬೆಲ್ ಒತ್ತಬೇಡಿ, ಬಾಗಿಲು ಬಡೀರಿ. ಫೋನ್ ಅಲ್ಲೇ ಇಟ್ಟು ಹೋಗಿ."

ಅವನು ಕರೆ ಕಡಿಯದೆಯೇ ಫೋನನ್ನು ಎಲ್ಲೋ ಇಟ್ಟು ಓಡಿದ. ಅಣ್ಣ ಗುಂಡಿಯಿಂದ ಎದ್ದು ಬಂದು, ಆ ಬೀದಿಯ ವಿಳಾಸ ಅವಳಿಂದ ಕೇಳಿಕೊಂಡು, ತನ್ನ ಫೋನಿನಿಂದ ಅಗ್ನಿಶಾಮಕದವರಿಗೆ ಹೇಳತೊಡಗಿದ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ದೂರದಲ್ಲಿ ಬಾಗಿಲು ಬಡಿಯುವ ಸದ್ದು. ಒಂದು ತೆರೆಯಿತು, ಮತ್ತೊಂದು ತೆರೆಯಿತು. ಮೂರನೆಯದನ್ನು ಅವನು ಬಡಿಯುತ್ತಲೇ ಇದ್ದ.